ಸಾಲೆಮನ ಪಾಲು

ಜೆರ್ಬಾ ದ್ವೀಪದ ನಮ್ಮ ಯೆಹೂದ್ಯರ ಕೇರಿಯಲ್ಲಿ, ಮಗು ತೊದಲಲು ಶುರುಮಾಡಿದ ಕೂಡಲೇ ಕಲಿಸುವುದು ಒಂದು ಸಾಲು. ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ, ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲು ಹೇಳಬೇಕಾದದ್ದು. ‘ಉಪಕಾರ ನೆನೆಯುತ್ತೇನೆ ನಾನು, ಜೀವಂತ ರಾಜನೇ, ನನ್ನ ಪ್ರಾಣವನ್ನು ನನಗೆ ಮರಳಿ ಕೊಟ್ಟೆ.’ ಹೀಬ್ರೂವಿನಲ್ಲಿ ಉಪಕಾರದ ಮಾತು ಮೊದಲು, ‘ನಾನು’ ಆಮೇಲೆ. ಐದಾರು ವರ್ಷದ ಮಕ್ಕಳಿಗೆ ಇದನ್ನು ಕಲಿಸುವುದೇ ನನ್ನ ಕೆಲಸ. ರೊಟ್ಟಿ ಮುರಿಯುವ ಮುಂಚೆ ಏನು ಹೇಳಬೇಕು, ಖರ್ಜೂರ ಬಾಯಿಗಿಡುವ ಮುಂಚೆ ಏನು, ಗುಡುಗು ಕೇಳಿದರೆ ಏನು, ಎಲ್ಲ ನನ್ನ ಹತ್ತಿರವೇ ಕಲಿಯುತ್ತಾರೆ. ಹೇಳಿಕೊಡುವುದು ಕಷ್ಟವಲ್ಲ. ಮಕ್ಕಳ ನಾಲಿಗೆ ಚುರುಕು. ಆದರೆ ನಾಲಿಗೆಯಿಂದ ಅದು ಒಳಗಿಳಿಯಿತೋ ಇಲ್ಲವೋ ಎಂಬುದು ಯಾವ ಅಕ್ಕೋರಿಗೂ ಬೇಗ ಗೊತ್ತಾಗುವುದಿಲ್ಲ.

ಕಮೂನಾ ನನ್ನ ಹತ್ತಿರ ಬಂದಾಗ ಅವಳಿಗೆ ಆರು ತುಂಬಿತ್ತು. ಬೆಳ್ಳಿ ಕೆಲಸದ ಖ್ಲೀಫಾನ ಒಬ್ಬಳೇ ಮಗಳು. ತಾಯಿ ವ್ರೀದಾ ಹೆರಿಗೆಯಲ್ಲಿ ಸುಸ್ತಾದವಳು ಮತ್ತೆ ಏಳಲೇ ಇಲ್ಲ, ತೀರಿಕೊಂಡಳು. ಡಬ್ಬಿ ಹಾಲು ಕುಡಿಸಿದರೆ ಕೂಸು ಕುಡಿದಷ್ಟನ್ನೂ ವಾಂತಿ ಮಾಡುತ್ತಿತ್ತು. ಆಗ ಅಜ್ಜಿ ಹನ್ನೀನಾ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಓಣಿಯ ಕೊನೆಯಲ್ಲಿದ್ದ ಮಬ್ರೂಕಾಳ ಮನೆಗೆ ಓಡಿದ್ದಳು. ಮಬ್ರೂಕಾ ಮುಸಲ್ಮಾನರವಳು, ಮೀನುಗಾರ ಅಮೋರ್‌ನ ಹೆಂಡತಿ. ಅವಳು ಹಾಲೂಡಿಸಿದಳು. ಕಮೂನಾ ಬದುಕಿದಳು. ಇದು ಕೇರಿಗೆಲ್ಲ ಗೊತ್ತಿದ್ದ ಸಂಗತಿ. ಮಬ್ರೂಕಾ ಓಣಿಯಲ್ಲಿ ಎದುರಾದರೆ “ನನ್ನ ಕೂಸೇ” ಎಂದು ಕರೆದು ಹುಡುಗಿಯ ಅಂಗೈಗೆ ಒಂದು ಕಿತ್ತಳೆಯನ್ನೋ, ನಾಲ್ಕು ಖರ್ಜೂರವನ್ನೋ ಇಡುತ್ತಿದ್ದಳು. ಕಮೂನಾ ಅವಳ ಸೆರಗು ಹಿಡಿದು ಸ್ವಲ್ಪ ದೂರ ನಡೆದು ವಾಪಸಾಗುತ್ತಿದ್ದಳು.

ವಾರಕ್ಕೊಂದು ಭಾಗದಂತೆ ಓದುವ ನಮ್ಮ ಧರ್ಮಗ್ರಂಥದಲ್ಲಿ, ಆ ಚಳಿಗಾಲ ಮೋಶೆಯ ಕತೆಯ ವಾರ ಬಂತು. ನದಿಯಲ್ಲಿ ತೇಲಿಬಿಟ್ಟ ಬುಟ್ಟಿ, ಅದರೊಳಗಿನ ನಮ್ಮವರ ಕೂಸು, ಎತ್ತಿಕೊಂಡ ಐಗುಪ್ತದ, ಅಂದರೆ ಈಜಿಪ್ಟಿನ, ರಾಜಕುಮಾರಿ, ಎಲ್ಲ ಹೇಳಿದೆ. ಹಿರಿಯರು ಸೇರಿಸುವ ಒಂದು ಮಾತನ್ನೂ ಹೇಳಿದೆ: ಕೂಸು ಮೋಶೆ ಐಗುಪ್ತದ ಹೆಂಗಸರ ಎದೆಗೆ ಬಾಯಿ ಹಾಕಲಿಲ್ಲ, ತನ್ನ ತಾಯಿಯನ್ನು ಕರೆತರುವ ತನಕ ಉಪವಾಸವೇ ಇತ್ತು ಎಂದು.

ಮಧ್ಯಾಹ್ನ ಅಂಗಳದಲ್ಲಿ ಮೆಸೂದಾಳ ದನಿ ಕೇಳಿಸಿತು. ಮೆಸೂದಾ ನಮ್ಮ ತರಗತಿಯ ಬಾಯಿಬಡಕಿ.

“ಮೋಶೆ ಕುಡೀಲಿಲ್ಲ ನೋಡು. ಇವಳು ಗಟಗಟ ಕುಡಿದ್ಲು! ಇವಳು ನಮ್ಮೋಳೇ ಅಲ್ಲ ಕಣ್ರೇ, ಅರ್ಧ ಅವರೋಳು!”

ನಾನು ಹೊರಗೆ ಬರುವಷ್ಟರಲ್ಲಿ ಮಕ್ಕಳು ನಗುತ್ತಿದ್ದರು. ಕಮೂನಾ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅಳಲಿಲ್ಲ. ಮೆಸೂದಾಳನ್ನು ಗದರಿಸಿದೆ, ಅವಳಿಂದ ಕ್ಷಮೆ ಕೇಳಿಸಿದೆ. ಆದರೆ ಆಡಿದ ಮಾತು ಆಡಿದ್ದೇ.

ಅಂದು ಸಂಜೆ ಮಬ್ರೂಕಾ ಕಿತ್ತಳೆ ಇಟ್ಟಾಗ ಕಮೂನಾ ಅಂಗೈಯನ್ನು ಮಗುಚಿಬಿಟ್ಟಳು. ಹಣ್ಣು ಮಣ್ಣಿಗೆ ಬಿತ್ತು. “ನನ್ನ ಕೂಸೇ ಅನ್ಬೇಡ. ನಾನು ನಿನ್ನ ಕೂಸಲ್ಲ” ಎಂದು ಓಡಿಹೋದಳು. ಮಬ್ರೂಕಾ ಹಣ್ಣನ್ನು ಎತ್ತಿ, ಒರೆಸಿ, ಖ್ಲೀಫಾನ ಮನೆಯ ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದಳಂತೆ. ಮರುದಿನವೂ ಅದು ಅಲ್ಲೇ ಇತ್ತು. ನಾನೇ ಕಂಡೆ.

ಮುಂದಿನ ವಾರದ ಪಾಠದಲ್ಲಿ ದೇವರು ಐಗುಪ್ತದವರಿಗೆ ಕೊಟ್ಟ ಶಿಕ್ಷೆಯಾಗಿ ಅವರ ನೈಲ್ ನದಿ ರಕ್ತವಾಗುತ್ತದೆ. ನಾನು ಮಕ್ಕಳನ್ನು ಕೇಳಿದೆ, “ಕೋಲಿನಿಂದ ನದಿಗೆ ಹೊಡೆದವರು ಯಾರು?”

“ಮೋಶೆ!” ಎಂದು ಎಲ್ಲರೂ ಕೂಗಿದರು.

“ಅಲ್ಲ. ಅಣ್ಣ ಆರೋನ. ದೇವರು ಮೋಶೆಯ ಕೈಲಿ ಹೊಡೆಸಲಿಲ್ಲ. ಯಾಕೆ ಹೇಳಿ? ಮೋಶೆ ಕೂಸಾಗಿದ್ದಾಗ ಅದೇ ನೀರು ಅವನನ್ನ ಮುಳುಗಿಸದೆ ಕಾಪಾಡಿತ್ತು. ತನ್ನನ್ನ ಕಾಪಾಡಿದ್ದರ ಮೇಲೆ ಕೈ ಎತ್ತಬಾರದು. ನಮ್ಮ ಹಿರಿಯರು ಹಾಗೆ ಹೇಳಿದ್ದಾರೆ.”

ಕಮೂನಾ ತಲೆ ಎತ್ತಿದಳು. ಆ ಮಧ್ಯಾಹ್ನದ ನಂತರ ತರಗತಿಯಲ್ಲಿ ಮೊದಲ ಸಲ ಬಾಯಿ ಬಿಟ್ಟಳು.

“ನೀರಿಗೆ ಗೊತ್ತಾಗುತ್ತಾ ಅಕ್ಕೋರೆ, ಮೋಶೆ ಹೊಡೀಲಿಲ್ಲ ಅಂತ?”

“ನೀರಿಗೆ ಗೊತ್ತಾಗಲ್ಲ ಕಂದಾ.”

“ಐಗುಪ್ತದ ನೀರು ತಾನೆ ಅದು? ನಮ್ಮ ನೀರಲ್ವಲ್ಲ?”

“ಅಲ್ಲ. ಅವರದೇ ನೀರು.”

ಎಲ್ಲರೂ ಮನೆಗೆ ಹೊರಟ ಮೇಲೆ ಅವಳು ಬಾಗಿಲಲ್ಲೇ ನಿಂತಿದ್ದಳು. ಚಪ್ಪಲಿಯ ಪಟ್ಟಿ ಬಿಚ್ಚುವುದು, ಹಾಕುವುದು, ಮತ್ತೆ ಬಿಚ್ಚುವುದು.

“ಅಕ್ಕೋರೆ, ನಮ್ಮ ಅಜ್ಜಿ ಆಡು ಸಾಕಿದ್ದಾಳೆ. ಮರಿ ಹಾಕಿದ್ರೇನೇ ಅದಕ್ಕೆ ಹಾಲು ಬರೋದು.”

“ಹೌದು.”

“ಮಬ್ರೂಕಾ ಮನೇಲಿ ಮಕ್ಕಳೇ ಇಲ್ಲ. ಹಾಗಾದ್ರೆ ಅವಳಿಗೆ ಹಾಲು ಎಲ್ಲಿಂದ ಬಂತು? ಅವಳ ಪಾಪು ಎಲ್ಲಿ?”

ಕೇರಿಯ ದೊಡ್ಡವರಿಗೆ ಉತ್ತರ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಅಷ್ಟೆ. ಅವಳ ತಲೆ ಸವರಿ, “ಇದನ್ನ ನಾನು ಹೇಳೋದಲ್ಲ ಮಗಾ. ನಿಮ್ಮಪ್ಪನ ಹತ್ತಿರ ಮಾತಾಡ್ತೀನಿ” ಎಂದೆ.

ಖ್ಲೀಫಾ ಅಂಗಡಿಯಲ್ಲಿ ಬಳೆಯೊಂದನ್ನು ಉಜ್ಜುತ್ತಿದ್ದ. ನಾನು ಹೇಳಿದ್ದನ್ನು ಕೇಳುತ್ತ ಕೇಳುತ್ತ ಅವನ ಕೈ ನಿಂತಿತು.

“ಆಡಿನ ಲೆಕ್ಕ ಹಾಕಿದಳಾ?” ಎಂದ.

“ಹಾಕಿದಳು. ನಿಜ ಹೇಳಬೇಕಪ್ಪ ಅವಳಿಗೆ. ಇಲ್ಲದಿದ್ರೆ ಮೆಸೂದಾ ಹೇಳಿದ್ದೇ ನಿಜ ಅಂತ ಉಳಿದುಬಿಡುತ್ತೆ.”

ಅವನು ಬಳೆಯನ್ನು ಬಟ್ಟೆಯ ಮೇಲಿಟ್ಟ. “ನಾನು ಆ ಬಾಗಿಲಿಗೆ ಒಂದು ದಿನವೂ ಹೋಗಿಲ್ಲ, ಖ್ಮೀಸಾಕ್ಕ. ಎತ್ತಿಕೊಂಡು ಹೋಗಿದ್ದು, ತಂದಿದ್ದು ಎಲ್ಲ ಅಮ್ಮ. ಆಮೇಲೆ ಎಷ್ಟೋ ಸಲ ಹೊರಟೆ. ಓಣಿಯ ಅರ್ಧಕ್ಕೆ ಹೋಗಿ ವಾಪಸ್ ಬಂದೆ. ಹೋಗಿ ಏನಂತ ಹೇಳ್ಲಿ? ನಿನ್ನ ಮಗ ಸತ್ತ, ಅದಕ್ಕೆ ನನ್ನ ಮಗಳು ಬದುಕಿದಳು, ನಿನಗೆ ಉಪಕಾರ ಅಂತ ಹೇಳ್ಲಾ? ಯಾವ ಬಾಯಲ್ಲಿ ಹೇಳ್ಲಿ ಅದನ್ನ?”

“ಅವನು ಸತ್ತದ್ದಕ್ಕಲ್ಲ ಖ್ಲೀಫಾ. ಸತ್ತ ಮೇಲೂ ಆ ತಾಯಿ ಇನ್ನೊಬ್ಬರ ಕೂಸಿಗೆ ಸೆರಗು ಸರಿಸಿದಳಲ್ಲ, ಅದಕ್ಕೆ.”

ಮರುದಿನ ಬೆಳಗ್ಗೆ ಅಜ್ಜಿ ಹನ್ನೀನಾ ನನ್ನ ಮನೆಯ ಬಾಗಿಲು ತಟ್ಟಿದಳು. “ಮಗಳನ್ನ ಕರಕೊಂಡು ಮಬ್ರೂಕಾ ಮನೆಗೆ ಹೊರಟಿದ್ದಾನೆ. ನೀನೂ ಬಾರಮ್ಮ. ಇವನೊಬ್ಬನೇ ಹೋದ್ರೆ ಮತ್ತೆ ಅರ್ಧ ದಾರಿಯಿಂದ ವಾಪಸ್ ಬರ್ತಾನೆ.”

ಮಬ್ರೂಕಾ ಅಂಗಳದಲ್ಲಿ ಗಂಡನ ಬಲೆ ಹರವಿಕೊಂಡು ಹರಿದ ಕಣ್ಣುಗಳನ್ನು ಕಟ್ಟುತ್ತಿದ್ದಳು. ನಮ್ಮನ್ನು ಕಂಡು ಎದ್ದಳು. ಖ್ಲೀಫಾ ಬಾಗಿಲ ಹತ್ತಿರವೇ ನಿಂತ. ಅಜ್ಜಿ ಮೊಣಕೈಯಿಂದ ತಿವಿದಳು.

ಆದರೆ ಕೇಳಿದವಳು ಕಮೂನಾ. ಮೊದಲು ನೆಲ ನೋಡಿದಳು, ಆಮೇಲೆ ಬಲೆ ನೋಡಿದಳು. “ನಿನ್ನ ಪಾಪು ಎಲ್ಲಿ?”

ಮಬ್ರೂಕಾ ನನ್ನ ಕಡೆ ನೋಡಿದಳು, ಖ್ಲೀಫಾನ ಕಡೆ ನೋಡಿದಳು. ಆಮೇಲೆ ಅಲ್ಲೇ ಕೂತು, ಹುಡುಗಿಯ ಮುಖಕ್ಕೆ ಮುಖ ಸಮ ಮಾಡಿಕೊಂಡಳು.

“ತೀರಿಕೊಂಡ. ನೀನು ಹುಟ್ಟೋಕೆ ಸ್ವಲ್ಪ ಮುಂಚೆ. ಹೆಸರಿಟ್ಟಿದ್ವಿ, ಕುರಿ ಕೊಯ್ದು ಊಟ ಹಾಕಿಸಿದ್ವಿ. ಆಮೇಲೆ ಜ್ವರ ಬಂತು, ಹೋದ.”

“ಹೆಸರು ಏನು?”

“ಸಾಲೆಮ್. ನೀನು ಕೇಳಿದೆ ನೋಡು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.”

“ನಾನು ಕುಡಿದಿದ್ದು ಸಾಲೆಮನ ಹಾಲಾ?”

“ಹೂಂ. ಅವನ ಪಾಲಿಂದೇ.”

ಕಮೂನಾಳ ಕಣ್ಣು ತುಂಬುತ್ತಿತ್ತು. “ಅವನಿಗೆ ಕೋಪ ಬಂದಿರುತ್ತಾ?”

“ಅವನಿಗೆ ಎಂಥ ಕೋಪ, ಹೂವಿನಂಥ ಕೂಸು. ಕೋಪ ಬಂದಿದ್ದು ನನಗೆ. ಸುಳ್ಳು ಹೇಳಲ್ಲ ನಿನ್ನ ಹತ್ತಿರ. ನಿನ್ನಜ್ಜಿ ನಿನ್ನ ತಂದು ಮಡಿಲಿಗೆ ಹಾಕಿದಾಗ ತಳ್ಳಿಬಿಡೋಣ ಅನ್ನಿಸ್ತು. ಗೋಡೆ ಕಡೆ ಮುಖ ಮಾಡಿಕೊಂಡು ಹಾಲು ಕೊಟ್ಟೆ. ನಿನ್ನ ಮುಖ ನೋಡಲಿಲ್ಲ. ಇದು ಅವನದು, ಇದು ಅವನದು ಅಂತ ಒಳಗೇ ಅಂತಿದ್ದೆ.”

“ಮತ್ತೆ ಯಾಕೆ ಕೊಟ್ಟೆ?”

“ಹಸಿದು ಅಳ್ತಿದ್ದೆಯಲ್ಲ ನೀನು. ಏನು ಮಾಡಲಿ?” ಎಂದಳು ಮಬ್ರೂಕಾ. “ಕೋಪ ಯಾವತ್ತು ಹೋಯ್ತೋ ನನಗೆ ಗೊತ್ತಿಲ್ಲ. ಒಂದಿನ ತಿರುಗಿ ನೋಡಿದೆ. ನೀನು ನನ್ನ ಬೆರಳು ಹಿಡಕೊಂಡು ನಿದ್ದೆ ಹೋಗಿದ್ದೆ.”

ಅಜ್ಜಿ ಹನ್ನೀನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಖ್ಲೀಫಾ ಬಾಗಿಲು ಬಿಟ್ಟು ಒಳಗೆ ಬಂದ. ದೊಡ್ಡ ಆಳು, ಬಲೆಯ ಆಚೆ ತುದಿಯಲ್ಲಿ ಮಂಡಿಯೂರಿ ಕೂತ.

“ಮಬ್ರೂಕಾ, ತಂಗೀ,” ಎಂದ. “ಆರು ವರ್ಷದಿಂದ ಈ ಮಾತು ಗಂಟಲಲ್ಲಿ ಇಟ್ಟುಕೊಂಡಿದ್ದೆ. ನಿನ್ನ ದುಃಖಕ್ಕೂ ಬರಲಿಲ್ಲ, ನನ್ನ ಸಂತೋಷಕ್ಕೂ ಬರಲಿಲ್ಲ. ನಿನ್ನ ಉಪಕಾರ ದೊಡ್ಡದು. ನಿನ್ನ ಮಗನದೂ.”

ಮಬ್ರೂಕಾ ತಲೆಯಾಡಿಸಿದಳು. “ನೀನು ಬರಲಿಲ್ಲ ಅಂತ ನನಗೆ ಬೇಜಾರಿತ್ತು ಅಣ್ಣಾ” ಎಂದಳು. “ಒಂದು ಮಾತು ಸಾಕಾಗಿತ್ತು.”

“ಗೊತ್ತು” ಎಂದ ಖ್ಲೀಫಾ.

ಕಮೂನಾ ಅಪ್ಪನನ್ನೂ ಅವಳನ್ನೂ ನೋಡುತ್ತ ನಿಂತಿದ್ದವಳು ಬಲೆಯ ಸುತ್ತ ಹಾದು ಬಂದು ಮಬ್ರೂಕಾಳ ಪಕ್ಕ ಕೂತಳು. ಕ್ಷಮೆ ಕೇಳು ಎಂದು ನಾನು ಹೇಳಲಿಲ್ಲ. ತಾನಾಗಿಯೇ ತಲೆಯನ್ನು ಮಬ್ರೂಕಾಳ ತೋಳಿಗೆ ಒರಗಿಸಿದಳು.

ನಮ್ಮ ಶನಿವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಕಳೆದ ಮೇಲೆ, ಭಾನುವಾರ ಬೆಳಗ್ಗೆ, ಖ್ಲೀಫಾ ಅಂಗಡಿ ತೆರೆಯಲಿಲ್ಲ. ಒಂದು ಬಕೆಟ್ ಸುಣ್ಣ ಕಲಸಿಕೊಂಡು ಅಮೋರ್‌ನ ಜೊತೆ ಅವರ ಮಸೀದಿಯ ಹಿಂದಿನ ಸ್ಮಶಾನಕ್ಕೆ ಹೊರಟ. ಮಬ್ರೂಕಾ, ಕಮೂನಾ, ನಾನು ಹಿಂದೆ ಹೋದೆವು. ಆಲಿವ್ ಮರಗಳ ನಡುವೆ, ಮೊಳದುದ್ದದ ಗೋರಿ. ಮೂಲೆಗಳು ಮಳೆಗೆ ಕರಗಿದ್ದವು. ಅಮೋರ್ ಕಳೆ ಕಿತ್ತು ಮೂಲೆಗಳಿಗೆ ಮಣ್ಣು ಮೆತ್ತಿದ. ಖ್ಲೀಫಾ ಸುಣ್ಣ ಬಳಿದ. ಬಳೆಯ ಮೇಲೆ ಕೂದಲೆಳೆಯಷ್ಟು ಗೆರೆ ಕೊರೆಯುವ ಕೈ ಅದು. ಒಂದು ಹನಿಯೂ ಆಚೀಚೆ ಬೀಳದಂತೆ ನಿಧಾನವಾಗಿ ಬಳಿದ.

ಕಮೂನಾ ನನ್ನ ಕೈ ಎಳೆದು ಪಿಸುಗುಟ್ಟಿದಳು, “ಅಕ್ಕೋರೆ, ಇಲ್ಲಿ ಏನು ಹೇಳಬೇಕು? ರೊಟ್ಟಿಗೆ ಇದೆ, ಹಣ್ಣಿಗೆ ಇದೆ. ಹಾಲು ಬಿಟ್ಟುಕೊಟ್ಟವರಿಗೆ ಯಾವುದು?”

“ಅದಕ್ಕೆ ಹಿರಿಯರು ಕಟ್ಟಿಟ್ಟ ಮಾತು ನನಗೆ ಗೊತ್ತಿಲ್ಲ ಕಂದಾ. ನಿನ್ನದೇ ಮಾತು ಹೇಳು.”

ಅವಳು ಮುಂದೆ ಹೋಗಿ, ಹಸಿ ಸುಣ್ಣ ಬಟ್ಟೆಗೆ ತಾಗದಂತೆ ಲಂಗ ಎತ್ತಿ ಹಿಡಿದು ಕುಕ್ಕರಗಾಲಲ್ಲಿ ಕೂತಳು. “ಸಾಲೆಮ್, ನಾನು ಕಮೂನಾ” ಎಂದಳು. ಆಮೇಲೆ, “ನಾನು ದೊಡ್ಡವಳಾಗಿದ್ದೀನಿ” ಎಂದಳು.

ಮಬ್ರೂಕಾ ಅವಳ ಹಿಂದೆ ನಿಂತು, ಬೆಳೆದ ಮಗನೊಬ್ಬನಿಗೆ ಹೇಳುವಂತೆ, “ಹೂಂ ಕಣೋ, ನೋಡು, ದೊಡ್ಡವಳಾಗಿದ್ದಾಳೆ” ಎಂದಳು.