ಎರಡು ಜೋಳದ ಕಾಳಿನಷ್ಟು

ಯಾರಿಗೂ ಹೇಳದ ಒಂದು ಚಿಂತೆ ನನಗಿದೆ. ಹುಟ್ಟಿದಾಗ ಎಷ್ಟು ಉದ್ದ ಇದ್ದೆನೋ ಈಗ ನಾನು ಅಷ್ಟೇ ಇಲ್ಲ. ಮೈಮೇಲೆ ಅರವತ್ತು ಇಂಚು ಅಂತಲೇ ಬರೆದಿದೆ. ನಿಜವಾಗಿ ಅದಕ್ಕಿಂತ ತುಸು ಹೆಚ್ಚೇ ಇದ್ದೇನೆ. ಮೈಯೇ ಸುಳ್ಳು ಹೇಳುತ್ತದೆ ಎಂದರೆ ಯಾರಿಗೆ ತಾನೇ ನಾಚಿಕೆಯಾಗದು? ಅದಕ್ಕೇ ಈಗ ಹುಡುಗಿಯೊಬ್ಬಳ ಕಂಪಾಸ್ ಪೆಟ್ಟಿಗೆಯೊಳಗೆ ಸುರುಳಿ ಸುತ್ತಿಕೊಂಡು ಮಲಗಿದ್ದೇನೆ. ಇಲ್ಲಿ ಯಾರೂ ನನ್ನಿಂದ ಏನನ್ನೂ ಅಳೆಯುವುದಿಲ್ಲ.

ನಾನು ಒಂದು ಅಳತೆಪಟ್ಟಿ. ಎಲ್ಲರೂ ಟೇಪು ಅನ್ನುತ್ತಾರೆ. ಯಾವುದೋ ದೂರದ ಊರಿನ ಕಾರ್ಖಾನೆಯಲ್ಲಿ ಬಟ್ಟೆಯ ಮೇಲೆ ಹಳದಿ ಲೇಪ ಬಳಿದು, ಗೆರೆ ಹೊಡೆದು, ಎರಡೂ ತುದಿಗೆ ಹಿತ್ತಾಳೆ ತಗಡು ಕಚ್ಚಿಸಿ ನನ್ನನ್ನು ಮಾಡಿದರು. ಜಮಖಂಡಿಯ ಸಿಂಪಿಗ ಪಿಸೆ ಮಾಸ್ತರರು ನನ್ನನ್ನು ಕೊಂಡು ಕೊರಳಿಗೆ ಹಾಕಿಕೊಂಡರು. ಅವರ ಬೆವರಿನ ವಾಸನೆ, ಸೀಮೆಸುಣ್ಣದ ಪುಡಿ, ಹೊಲಿಗೆ ಯಂತ್ರದ ಸದ್ದು. ಅದು ನನ್ನ ಬಾಲ್ಯ. ಒಳ್ಳೆಯ ಬಾಲ್ಯವೇ.

ಜೂನ್ ತಿಂಗಳಲ್ಲಿ ಸಮವಸ್ತ್ರದ ಅಳತೆಗೆಂದು ಮಾಸ್ತರರು ಹೈಸ್ಕೂಲಿಗೆ ಹೋಗುತ್ತಿದ್ದರು. ಪಡಸಾಲೆಯಲ್ಲಿ ಹುಡುಗರದೊಂದು ಸಾಲು, ಎದುರಿಗೇ ಹುಡುಗಿಯರದೊಂದು ಸಾಲು. ಮಾಸ್ತರರ ಕಿವಿ ಮಂದ. ತಮಗೆ ಕೇಳದ್ದು ಯಾರಿಗೂ ಕೇಳದೆಂದು ಅಳತೆಗಳನ್ನು ಗಟ್ಟಿಯಾಗಿ ಕೂಗುವರು. ಒಬ್ಬ ವಿದ್ಯಾರ್ಥಿ ವಹಿಯಲ್ಲಿ ಬರೆದುಕೊಳ್ಳುವನು.

ಆ ವರ್ಷ ಒಂಬತ್ತನೆಯ ತರಗತಿಯಲ್ಲಿ ಅವಳಿ ಅಕ್ಕ-ತಮ್ಮ ಇದ್ದರು, ರೇಣುಕಾ ಮತ್ತು ಮಾಳಿಂಗ.

"ಮಾಳಿಂಗ ಫಕೀರಪ್ಪ ಹೊಸಮನಿ, ಎದಿ ಇಪ್ಪತ್ತೇಳು!"

ಹುಡುಗರು ನಕ್ಕರು. ಆಮೇಲೆ ನಾನು ರೇಣುಕಾಳ ನಡುವನ್ನು ಸುತ್ತಿದೆ. ಅವಳು ಹೊಟ್ಟೆ ಒಳಗೆಳೆದುಕೊಂಡು ಉಸಿರು ಬಿಗಿಹಿಡಿದಿದ್ದಳು.

"ರೇಣುಕಾ ಫಕೀರಪ್ಪ ಹೊಸಮನಿ, ಸೊಂಟ ಮೂವತ್ತಾರು!"

ಸಾಲಿನಿಂದ ಒಬ್ಬ ಹೇಳಿದ, "ಲೇ ಮಾಳ್ಯಾ, ಅವ್ವನ ಹೊಟ್ಟ್ಯಾಗ ನಿನ್ನ ಪಾಲೂ ಅಕೀನ ತಿಂದಾಳಲೇ."

ಮಾಳಿಂಗ ಅವನ ಮೇಲೆ ಬಿದ್ದ. ಐದು ಜನ ಮಾಳಿಂಗನ ಮೇಲೆ ಬಿದ್ದರು. ಬಿಡಿಸುವಷ್ಟರಲ್ಲಿ ಅವನ ಮುಂದಿನ ಹಲ್ಲೊಂದು ಪಡಸಾಲೆಯ ಕಲ್ಲಿನ ಮೇಲಿತ್ತು. ಅವತ್ತಿನಿಂದ ಶಾಲೆಯಲ್ಲಿ ರೇಣುಕಾಳಿಗೆ ಹೆಸರಿರಲಿಲ್ಲ. ಎಲ್ಲರೂ 'ಮೂವತ್ತಾರು' ಎಂದೇ ಕರೆದರು. ಅವಳು ಮಾತಾಡುವುದನ್ನೇ ಬಿಟ್ಟಳು.

ಅಪ್ಪ ಫಕೀರಪ್ಪ ಹಿಂದೆ ಕುಸ್ತಿ ಆಡಿದವನು. ಈಗ ಲಾರಿ ಓಡಿಸುತ್ತಾನೆ, ಭಾನುವಾರ ಮಾತ್ರ ಮನೆಯಲ್ಲಿರುತ್ತಾನೆ. ಮಗನ ಹಲ್ಲಿನ ಸುದ್ದಿ ಕೇಳಿ ಅಂಗಡಿಗೆ ಬಂದ. ಹೊಡೆದವರ ಹೆಸರು ಕೇಳುತ್ತಾನೆಂದು ನಾನು ತಿಳಿದಿದ್ದೆ. ಅವನು ವಹಿ ಕೇಳಿದ.

"ಮಾಸ್ತರ, ಬರಿಯಾಂವ ತಿರುಗಾಮುರುಗಾ ಬರದಿರಬೇಕು ನೋಡ್ರಿ."

"ಇಲ್ಲಪಾ, ನಾನs ಅಳದೀನಿ."

"ಪೈಲ್ವಾನನ ಮಗಂದು ಇಪ್ಪತ್ತೇಳು, ಮಗಳದು ಮೂವತ್ತಾರು? ಊರ ಮುಂದ ಒದರೀರಿ?"

ಮಾಸ್ತರರ ಕೊರಳಿನಿಂದ ನನ್ನನ್ನು ಕಿತ್ತುಕೊಂಡ. ಅವರ ಕತ್ತಿನ ಚರ್ಮ ಸುಲಿದು ರಕ್ತ ನನಗೆ ಹತ್ತಿತು. ನಾನು ಮೊದಲು ಕಂಡ ರಕ್ತ ಅದೇ.

ಹೊಸಮನಿಯವರ ಮನೆಯಲ್ಲಿ ಭಾನುವಾರದ ಮುಂಜಾನೆ ಎಂದರೆ ನಾನೇ. ಫಕೀರಪ್ಪನ ಲೆಕ್ಕ ಸರಳವಾಗಿತ್ತು. ಮಗನ ಎದೆ ಮೂವತ್ತೆರಡಕ್ಕೆ ಎಷ್ಟು ಇಂಚು ಕಡಿಮೆಯೋ ಅಷ್ಟು ಏಟು. ಮಗಳ ಸೊಂಟ ಮೂವತ್ತಕ್ಕೆ ಎಷ್ಟು ಇಂಚು ಹೆಚ್ಚೋ ಆ ವಾರ ಅಷ್ಟು ರಾತ್ರಿ ಊಟವಿಲ್ಲ. ಮಗನಿಗೆ ಬಾದಾಮಿ ಅರೆದ ಹಾಲು ಕುಡಿಸುವರು. ಅವನು ಹಿತ್ತಲಿಗೆ ಹೋಗಿ ವಾಂತಿ ಮಾಡುವನು. ಮಗಳು ಅದೇ ಹಾಲಿನ ಪಾತ್ರೆ ತೊಳೆಯುವಳು.

ಹೊಡೆಯುವುದಕ್ಕೆ ಬೇರೆ ಕೋಲು ಹುಡುಕಲಿಲ್ಲ. ನನ್ನನ್ನೇ ಎರಡು ಮಡಿಕೆ ಮಾಡಿ ಹಿಡಿದ. ಐದು ಏಟು. ಹುಡುಗನ ಬೆನ್ನಿನಲ್ಲಿ ನನ್ನ ಅಗಲದಷ್ಟೇ ಅಗಲದ ಬಾಸುಂಡೆ. ಒಂದು ಸಲ ತುದಿಯ ತಗಡು ಸಿಡಿದು ಅವನ ಹುಬ್ಬು ಸೀಳಿತು. ನಾನು ಹೊಡೆದೆನೆಂದು ಹೇಳಲೋ, ನನ್ನಿಂದ ಹೊಡೆಸಿದರೆಂದು ಹೇಳಲೋ, ಇಂದಿಗೂ ಗೊತ್ತಾಗಿಲ್ಲ.

ತಾಯಿ ಗಂಗವ್ವ ಒಲೆಯ ಮುಂದೆ, ನಮ್ಮ ಕಡೆ ಬೆನ್ನು ಮಾಡಿ ಕೂಡುವಳು. ರೊಟ್ಟಿ ಬಡಿಯುವ ಕೈ ಏಟಿನ ಸದ್ದಿಗೆ ಜೋರಾಗುತ್ತಿತ್ತು.

ದಸರೆಗೆ ಮಾಳಿಂಗನ ಎದೆ ಇಪ್ಪತ್ತೇಳೂವರೆ ತೋರಿಸಿತು. ಸಂಕ್ರಾಂತಿಗೆ ಮತ್ತೆ ಇಪ್ಪತ್ತೇಳು.

"ಬೆಳದದ್ದು ಇಳೀತೈತೇನೋ, ಹೆಣ್ಣಿಗ?" ಎಂದ ಫಕೀರಪ್ಪ. ಅವತ್ತು ಏಟು ಎಣಿಸಲಿಲ್ಲ.

ಅದೇ ದಿನ ರೇಣುಕಾಳ ಸೊಂಟ ಮೂವತ್ತೈದು ಬಂತು. ಗಂಗವ್ವನ ಮುಖ ಅರಳಿತು. "ಈ ವಾರ ಒಂದಿನ ಹೆಚ್ಚಿಗಿ ಉಣ್ಣವಾ," ಎಂದು ಮಗಳಿಗೆ ಕಟಕ ರೊಟ್ಟಿ, ಬದನೇಕಾಯಿ ಎಣ್ಣೆಗಾಯಿ ಬಡಿಸಿದಳು. ರೇಣುಕಾ ಉಂಡಳು. ತಾಟನ್ನು ಬೆರಳಿನಿಂದ ಬಳಿದು ಉಂಡಳು.

ಆದರೆ ಮಾತು ಬಿಟ್ಟವರ ಕಣ್ಣು ಚುರುಕು. ಸೊಂಟ ಇಳಿದರೂ ಲಂಗದ ಹುಕ್ಕು ಹಳೆಯ ಜಾಗದಲ್ಲೇ ಬಿಗಿಯುತ್ತಿತ್ತು. ಎದೆ ಬೆಳೆಯದಿದ್ದರೂ ತಮ್ಮನ ಅಂಗಿಯ ಗುಂಡಿ ಕಿತ್ತುಬಂದಿತ್ತು. ಯಾರೂ ಇಲ್ಲದಾಗ ನನ್ನನ್ನು ಗೂಟದಿಂದ ತೆಗೆದು, ತನ್ನ ಕಂಪಾಸ್ ಪೆಟ್ಟಿಗೆಯ ಮೇಲಿದ್ದ ಅಡಿ ಸ್ಕೇಲಿನ ಪಕ್ಕ ಮಲಗಿಸಿದಳು. ನನ್ನ ಹನ್ನೆರಡನೆಯ ಗೆರೆ ಸ್ಕೇಲಿನ ತುದಿ ದಾಟಿ ಎರಡು ಜೋಳದ ಕಾಳಿನಷ್ಟು ಮುಂದೆ ನಿಂತಿತ್ತು.

ಹೊಡೆದು ಹೊಡೆದು ನಾನು ಹಿಗ್ಗಿದ್ದೆ. ನಾನು ಹಿಗ್ಗಿದಷ್ಟು ಹುಡುಗನ ಎದೆ ಕಡಿಮೆ ಕಾಣುತ್ತಿತ್ತು. ಕಡಿಮೆ ಕಂಡಷ್ಟು ಏಟು. ಏಟು ಬಿದ್ದಷ್ಟು ನಾನು ಹಿಗ್ಗುತ್ತಿದ್ದೆ.

ರೇಣುಕಾ ನನ್ನನ್ನು ಸುಮ್ಮನೆ ಗೂಟಕ್ಕೆ ಹಾಕಿದಳು. ಹೇಳಿದರೆ ತಮ್ಮನಿಗೆ ಒಂದು ಏಟು ಕಡಿಮೆ, ತನಗೆ ಒಂದು ರಾತ್ರಿಯ ಊಟ ಕಡಿಮೆ. ಒಂದು ಭಾನುವಾರ ಹೇಳಲಿಲ್ಲ. ಎರಡನೆಯ ಭಾನುವಾರವೂ ಹೇಳಲಿಲ್ಲ. ಅವಳನ್ನು ಬೈಯಬೇಡಿ. ಹಸಿದ ಹೊಟ್ಟೆಯನ್ನು ಸುತ್ತಿದವ ನಾನು. ಅದರೊಳಗಿನ ಸದ್ದು ನನಗೆ ಗೊತ್ತು.

ಮೂರನೆಯ ಭಾನುವಾರ ಮಾಳಿಂಗ ತಾನಾಗಿಯೇ ಅಂಗಿ ಬಿಚ್ಚಿ, ಗೋಡೆಗೆ ಕೈ ಕೊಟ್ಟು ನಿಂತ. ಅಳೆಯುವ ಮೊದಲೇ ಬೆನ್ನು ಒಡ್ಡಿ ನಿಂತ. "ಐದs ಅಲ್ಲೇನಪಾ? ಹೊಡಿ," ಎಂದ.

ಫಕೀರಪ್ಪ ನನ್ನನ್ನು ಮಡಚಿ ಕೈ ಎತ್ತಿದ. ಕೈ ಇಳಿಯಲಿಲ್ಲ. ನನ್ನ ತುದಿ ಹಿಂದಿನಿಂದ ಯಾರದೋ ಮುಷ್ಟಿಯಲ್ಲಿ ಸಿಕ್ಕಿತ್ತು. ಎಳೆದ. ತಗಡು ರೇಣುಕಾಳ ಅಂಗೈ ಕೊಯ್ದಿತು. ಬಿಡಲಿಲ್ಲ. ಇನ್ನೊಮ್ಮೆ ಎಳೆದ. ಅವಳ ಮೊಣಕಾಲು ನೆಲಕ್ಕೆ ಬಡಿಯಿತು. ಆದರೂ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಸ್ಕೇಲು ಇತ್ತು.

"ಇದರ ಮಗ್ಗಲಕ ಇಟ್ಟ ನೋಡು. ಟೇಪ್ ಉದ್ದ ಆಗೇತಿ. ನೀ ಹೊಡದs ಉದ್ದ ಆಗೇತಿ. ಮಾಳ್ಯಾ ಬೆಳದಾನ."

ಗಂಗವ್ವ ಒಲೆಯ ಮುಂದಿನಿಂದ ತಿರುಗಿದಳು. "ಸುಮ್ಮನಿರs ರೇಣಿ. ನಿನಗs ಮುಳುವಾಗತೈತಿ."

ಫಕೀರಪ್ಪ ಸ್ಕೇಲನ್ನು ನೋಡಿದ, ನನ್ನನ್ನು ನೋಡಿದ, ಮಗಳನ್ನು ನೋಡಿದ.

"ಹಂಗಾರ ನೀನೂ ಇಳದಿಲ್ಲ?"

ರೇಣುಕಾ ಎದ್ದು ನಿಂತಳು. ಅವತ್ತು ಹೊಟ್ಟೆ ಒಳಗೆ ಎಳೆದುಕೊಳ್ಳಲಿಲ್ಲ. ರಕ್ತ ನನ್ನ ಅಂಕಿಗಳ ಮೇಲೆ ಹರಿಯುತ್ತಿತ್ತು. ಪಿಸೆ ಮಾಸ್ತರರು ಪಡಸಾಲೆಯಲ್ಲಿ ಕೂಗಿದಷ್ಟೇ ಗಟ್ಟಿಯಾಗಿ ಹೇಳಿದಳು.

"ಇಲ್ಲ. ನನ್ನ ಸೊಂಟ ಮೂವತ್ತಾರು."