ಒಂದು ತಟ್ಟಿದರೆ ಹೂಂ

“ನಿಮ್ಮ ಬಲಗಡೆ ಕಾಣ್ತಿರೋದೇ ಈ ಊರಿನ ಅತಿ ಹಳೆಯ ಕಾವಲು ಗೋಪುರ,” ಎಂದು ಗೈಡ್‌ನ ಹೆಂಡತಿ ಕೈ ಚಾಚಿ ತೋರಿಸಿದ ಕಡೆ ಒಂದು ಲಾಂಡ್ರಿ ಇತ್ತು. ಇಸ್ತ್ರಿ ಮಾಡಿದ ಅಂಗಿಗಳು ಬಾಗಿಲಲ್ಲಿ ಸಾಲಾಗಿ ನೇತಾಡುತ್ತಿದ್ದವು. ಪ್ರವಾಸಕ್ಕೆ ಬಂದಿದ್ದ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಆ ಅಂಗಿಗಳನ್ನೇ ಶ್ರದ್ಧೆಯಿಂದ ನೋಡಿದರು. ಅವರ ಹೆಂಡತಿ ಮಾತ್ರ ಹಿಂದಕ್ಕೆ ತಿರುಗಿ, ಎಳೆಬಿಸಿಲಲ್ಲಿ ನಿಂತಿದ್ದ ನಾಲ್ಕಂತಸ್ತಿನ ಕಲ್ಲಿನ ಗೋಪುರವನ್ನು ತಲೆಯೆತ್ತಿ ನೋಡಿ, “ಅದೇ ಇರ್ಬೇಕು ಬಿಡಿ,” ಎಂದರು.

ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಗೈಡ್ ತನ್ನ ಹೆಂಡತಿಯ ಚಾಚಿದ ಕೈ ನೋಡಿ, ಜೇಬಿನಿಂದ ಒಂದು ಚಮಚ ತೆಗೆದು ಕೊಡೆಯ ಮರದ ಹಿಡಿಗೆ ತಟ್ಟಿದ. ಟಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಟಕ್.

ಒಂದು ತಟ್ಟಿದರೆ ಹೂಂ, ಎರಡು ತಟ್ಟಿದರೆ ಉಹೂಂ. ಅವನ ಗಂಟಲಿನ ಆಪರೇಷನ್ ಆದ ಇಪ್ಪತ್ತು ದಿನಗಳಿಂದ ಅವರ ಸಂಸಾರ ನಡೆಯುತ್ತಿದ್ದದ್ದು ಈ ಎರಡೇ ಮಾತಿನ ಮೇಲೆ. ತೊಂದರೆ ಏನೆಂದರೆ, ಅವನು ಮಾತಾಡುತ್ತಿದ್ದಾಗ ಎಷ್ಟು ನಿಧಾನವೋ ತಟ್ಟುವಾಗಲೂ ಅಷ್ಟೇ ನಿಧಾನ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಒಬ್ಬರು ಎದ್ದುಹೋಗಿ ಬಾಗಿಲು ಹಾಕಿಕೊಂಡು ಬರುವಷ್ಟು ಹೊತ್ತು. ಟೀ ಬೇಕಾ ಎಂದರೆ ಟಕ್ ಎನ್ನುತ್ತಿದ್ದ. ಸರಿ, ಬೇಕಂತೆ ಎಂದು ಅವಳು ನೀರಿಟ್ಟ ಮೇಲೆ ಎರಡನೆಯ ಟಕ್ ಬೀಳುತ್ತಿತ್ತು.

ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎನ್ನುತ್ತಾರೆ. ಮೂವತ್ತೊಂದು ವರ್ಷ ಅವನು ಬದುಕಿದ್ದು ಹಾಗೆಯೇ. ಮಳೆಯಿರಲಿ ಬಿಸಿಲಿರಲಿ, ಕೈಯಲ್ಲೊಂದು ಕರಿ ಕೊಡೆ ಹಿಡಿದು ಹಳೇ ಪೇಟೆಯ ಕಲ್ಲುಗಳಿಗೆಲ್ಲ ಜೀವ ಬರುವಂತೆ ಮಾತಾಡುತ್ತಿದ್ದ. ಊರಿನವರಿಗೆ ಅವನು ‘ಕೊಡೆ ಗೈಡ್’. ಗಂಟಲಲ್ಲಿ ಬೆಳೆದಿದ್ದ ಗಂಟಿನ ಜೊತೆ ದನಿಯ ಒಂದು ಎಳೆಯನ್ನೂ ತೆಗೆಯಬೇಕಾಯಿತು. ಡಾಕ್ಟರು ಒಳ್ಳೆಯವರು, ಮುಚ್ಚುಮರೆ ಮಾಡಲಿಲ್ಲ. “ಆರು ವಾರ ಮಾತು ಬೇಡ, ಪಿಸುಮಾತೂ ಬೇಡ. ಆಮೇಲೆ ದನಿ ಬರುತ್ತೆ. ಮನೆಮಟ್ಟಿಗೆ ಸಾಕಾಗುತ್ತೆ. ಬಯಲಲ್ಲಿ ನಿಂತು ನಾಲ್ಕು ಜನಕ್ಕೆ ಕೇಳಿಸೋ ದನಿ ಮಾತ್ರ ಇನ್ನಿಲ್ಲ ಅಂದ್ಕೊಳ್ಳಿ,” ಎಂದಿದ್ದರು.

ಆ ರಾತ್ರಿಯೇ ಅವನು ಪ್ರವಾಸದ ಆಫೀಸಿಗೆ ಕಾಗದ ಬರೆದ. ಕೆಲಸ ಬಿಡುತ್ತೇನೆ, ಬಿಲ್ಲೆ ವಾಪಸು ಮಾಡುತ್ತೇನೆ ಎಂದು ಎರಡೇ ಸಾಲು. ಹಿತ್ತಾಳೆಯ ಆ ಗೈಡ್ ಬಿಲ್ಲೆಯನ್ನೂ ಹಾಕಿ ಕೊಡಲೆಂದು ಲಕೋಟೆಯ ಬಾಯಿ ಅಂಟಿಸದೆ ಇಟ್ಟಿದ್ದ. ಅಷ್ಟರಲ್ಲಿ ಆಫೀಸಿನ ಮ್ಯಾನೇಜರ್ ಫೋನ್ ಮಾಡಿದ. ಇಪ್ಪತ್ತು ವರ್ಷದ ಹಿಂದೆ ಬಂದಿದ್ದ ಭೂಗೋಳದ ಮೇಷ್ಟ್ರೊಬ್ಬರು ಈಗ ಹೆಂಡತಿಯನ್ನು ಕರೆದುಕೊಂಡು ಬರುತ್ತಿದ್ದಾರಂತೆ. ಅರ್ಧ ದಿನದ ಖಾಸಗಿ ಟೂರ್, ನಾಲ್ಕು ಗಂಟೆ, ಏಳು ಜಾಗ. ಕೊಡೆ ಗೈಡೇ ಬೇಕು, ಬೇರೆ ಯಾರೂ ಬೇಡ ಎಂದು ಬರೆದಿದ್ದಾರಂತೆ.

“ಅವ್ರೇ ಬರ್ತಾರೆ,” ಎಂದುಬಿಟ್ಟಿದ್ದಳು ಹೆಂಡತಿ, ಫೋನ್ ಹಿಡಿದವಳು ಅವಳೇ ಆದ್ದರಿಂದ. “ಮಾತು ನಾನಾಡ್ತೀನಿ.”

ಗಂಡ ನೋಟ್‌ಬುಕ್ ಎಳೆದುಕೊಂಡು, ‘ಹೆಂಡತಿ ಬಾಯಲ್ಲಿ ಬದುಕೋ ಗೈಡ್!’ ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದ. ಅವಳು ಬಿಡಲಿಲ್ಲ. ಕೊನೆಗೆ, ಇದೊಂದೇ ಟೂರ್, ಇದು ಮುಗಿಸಿ ಹಾಗೇ ಆಫೀಸಿಗೆ ಹೋಗಿ ಲಕೋಟೆ ಕೊಡುವುದು ಎಂದು ತೀರ್ಮಾನವಾಯಿತು. ಇವತ್ತು ಬೆಳಿಗ್ಗೆ ಹೊಸಿಲು ದಾಟುವಾಗ, “ಇನ್ನೊಂದ್ಸಲ ಯೋಚನೆ ಮಾಡ್ಬಾರ್ದಾ?” ಎಂದು ಕೇಳಿದ್ದಳು. ಟಕ್ ಎಂದಾಗ ಅವಳ ಮುಖ ಅರಳಿತ್ತು. ಚಪ್ಪಲಿ ಮೆಟ್ಟಿಕೊಳ್ಳುವಾಗ ಎರಡನೆಯದೂ ಬಿತ್ತು.

ಮಾತು ನಾನಾಡ್ತೀನಿ ಎಂದಿದ್ದು ಹುಡುಗಾಟಕ್ಕಲ್ಲ. ಗಂಡನಿಗೆ ಮೊದಲಿನಿಂದ ಮರೆವಿನ ಭಯ. ಪ್ರತಿ ಟೂರಿನ ಹಿಂದಿನ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವಳನ್ನೇ ಪ್ರವಾಸಿಯೆಂದು ತಿಳಿದು, ಎಲ್ಲವನ್ನೂ ಒಮ್ಮೆ ಒಪ್ಪಿಸುತ್ತಿದ್ದ. ನೀರಿನ ಡ್ರಮ್ಮು ರಾಣಿಯ ಕೊಳ. ಪಾತ್ರೆಯ ಕಪಾಟು ಕಾವಲು ಗೋಪುರ. ಒಲೆ ಕಮ್ಮಾರರ ಬೀದಿ. ಅವಳು ಈರುಳ್ಳಿ ಹೆಚ್ಚುತ್ತಲೇ, “ಮುನ್ನೂರ ಹನ್ನೆರಡಲ್ಲ, ಮುನ್ನೂರ ಇಪ್ಪತ್ತೊಂದು ಮೆಟ್ಲು,” ಎಂದು ತಿದ್ದುತ್ತಿದ್ದಳು. ಮೂವತ್ತೊಂದು ವರ್ಷ ಕೇಳಿದ ಮೇಲೆ ಕಲ್ಲಿಗೂ ಬಾಯಿಪಾಠವಾಗುತ್ತದೆ.

ಆದರೆ ಹಿತ್ತಲ ಗಿಡ ಮದ್ದಲ್ಲ. ದೇಶದೇಶದವರು ಬಂದು ನೋಡಿಹೋದ ಈ ಜಾಗಗಳನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಮನೆಯಿದ್ದದ್ದು ಊರಿನ ಇನ್ನೊಂದು ತುದಿಗೆ. ಹೊಲಿಗೆ ಯಂತ್ರದ ಮುಂದೆ ಕೂತರೆ ಏಳಲು ಪುರುಸೊತ್ತಿರಲಿಲ್ಲ, ಹನ್ನೊಂದು ವರ್ಷ ಹಾಸಿಗೆ ಹಿಡಿದ ಅತ್ತೆ ಬೇರೆ. ಒಂದು ಭಾನುವಾರ ಹೋಗೋಣ ಎನ್ನುತ್ತಲೇ ಇದ್ದ ಗಂಡ. ಗೈಡ್‌ಗೆ ಭಾನುವಾರವೇ ಮೈಮುರಿಯುವಷ್ಟು ಕೆಲಸ ಎಂಬುದು ಇಬ್ಬರಿಗೂ ಗೊತ್ತಿತ್ತು.

ಈಗ ಎಡವಟ್ಟಾಗಿದ್ದು ಅಲ್ಲೇ. ಅಡುಗೆಮನೆಯಲ್ಲಿ ಅವಳು ಪ್ರವಾಸಿ, ಅವಳ ಬಲಕ್ಕೆ ಪಾತ್ರೆಯ ಕಪಾಟು. ಇಲ್ಲಿ ಅವಳೇ ಗೈಡ್ ಆಗಿ ಜನರ ಕಡೆ ಮುಖಮಾಡಿ ನಿಂತಿದ್ದಳು. ಬಾಯಿ ಸರಿಯಾಗಿಯೇ ‘ನಿಮ್ಮ ಬಲಗಡೆ’ ಎನ್ನುತ್ತಿತ್ತು, ಕೈ ಮಾತ್ರ ಹಳೇ ಅಭ್ಯಾಸದಲ್ಲಿ ಕಪಾಟಿನ ಕಡೆಗೇ ಹೋಗುತ್ತಿತ್ತು. ಕಮ್ಮಾರರ ಬೀದಿ ಎಂದು ಬ್ಯಾಂಕ್ ತೋರಿಸಿದಳು. ಹೆಬ್ಬಾಗಿಲು ಎಂದು ನಿಂತ ಬಸ್ಸೊಂದನ್ನು ತೋರಿಸಿದಾಗ ಅದರ ಡ್ರೈವರ್ ಕೈ ಬೀಸಿದ.

“ಅಮ್ಮಾ, ಒಂದು ಮಾತು,” ಎಂದರು ಮೇಷ್ಟ್ರು ಮೆಲ್ಲಗೆ. “ನಾನು ಮೂವತ್ತಾರು ವರ್ಷ ಭೂಗೋಳ ಹೇಳ್ಕೊಟ್ಟವನು. ನೀವು ಹೇಳೋ ಊರು ನೀವು ತೋರಿಸೋ ದಿಕ್ಕಲ್ಲಿ ಇಲ್ಲ.”

ನೆಲ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ಗಂಡನ ಮುಖ ನೋಡಲು ಧೈರ್ಯವಾಗಲಿಲ್ಲ. ಮುಗಿಯಿತು, ನಾನೇ ಆ ಲಕೋಟೆಗೆ ಅಂಟು ಹಚ್ಚಿಬಿಟ್ಟೆ ಎಂದುಕೊಂಡಳು. ಆಗ ಎರಡು ಕೈ ಅವಳ ಭುಜ ಹಿಡಿದವು. ಗಂಡ ಅವಳನ್ನು ಬಾಗಿಲು ತಿರುಗಿಸಿದ ಹಾಗೆ ಮೆಲ್ಲಗೆ ತಿರುಗಿಸಿ, ಮೇಷ್ಟ್ರ ಹೆಂಡತಿಯ ಪಕ್ಕಕ್ಕೆ ತಂದು ನಿಲ್ಲಿಸಿದ. ಈಗ ಅವರ ಬಲವೇ ಅವಳ ಬಲ. ಎದುರಿಗೆ ಹೆಬ್ಬಾಗಿಲು ನಿಂತಿತ್ತು.

“ಗೈಡ್ ಅಂದ್ರೆ ಹೀಗೇ ಇರ್ಬೇಕು ನೋಡಿ,” ಎಂದರು ಮೇಷ್ಟ್ರ ಹೆಂಡತಿ ಅವಳ ತೋಳಿಗೆ ತೋಳು ಸೇರಿಸಿ. ಅವರಿಗೆ ಮಂಡಿನೋವು, ಊರುಗೋಲು ಹುಡುಕುತ್ತಿದ್ದರೋ ಏನೋ. “ಎದುರಿಗೆ ನಿಂತು ಪಾಠ ಹೇಳೋರನ್ನ ಮನೇಲೇ ನೋಡಿ ಸಾಕಾಗಿದೆ.”

ಆಮೇಲೆ ಮಾತು ಹರಿಯಿತು. ಕಮ್ಮಾರರ ಬೀದಿಯಲ್ಲಿ ಕುಲುಮೆಯ ಗುಂಡಿಗಳು ಅವನು ಹೇಳಿದ್ದಷ್ಟೇ ಇದ್ದವು, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಅವಳು ಹೇಳುತ್ತ ಹೋದಂತೆ ಗಂಡ ಮುಂದೆ ಮುಂದೆ ನಡೆದು ಕೊಡೆಯ ತುದಿಯಿಂದ ತೋರಿಸುತ್ತಿದ್ದ. ಮಾತು ಎಲ್ಲಿಗೆ ಬರುತ್ತದೆ ಎಂದು ಕೊಡೆಗೂ, ಕೊಡೆ ಎಲ್ಲಿಗೆ ಹೋಗುತ್ತದೆ ಎಂದು ಮಾತಿಗೂ ಗೊತ್ತಿತ್ತು. ಅವಳಿಗೇ ಆಶ್ಚರ್ಯವಾಗುವಂತೆ ಖುಷಿಯಾಗತೊಡಗಿತು. ಅವನ ಮುಖ ನೋಡಿದಳು. ಅದು ಬಿಗಿದುಕೊಂಡೇ ಇತ್ತು.

ರಾಣಿಯ ಕೊಳದ ಹತ್ತಿರ ಅವಳ ಬಾಯಿ ಕಟ್ಟಿತು.

ಮೆಟ್ಟಿಲು ಮುನ್ನೂರ ಇಪ್ಪತ್ತೊಂದು ಎಂದು ಅವಳಿಗೆ ನಿದ್ದೆಯಲ್ಲೂ ಗೊತ್ತು. ಆದರೆ ಅಷ್ಟೂ ಮೆಟ್ಟಿಲು ಒಟ್ಟಿಗೆ ಕೆಳಗಿಳಿದು ಹೋಗಿ, ಆ ಆಳದಲ್ಲಿ ಅಂಗೈಯಷ್ಟು ಹಸಿರು ನೀರಾಗಿ, ಅದರೊಳಗೆ ಇಡೀ ಆಕಾಶ ಬಿದ್ದಿರುತ್ತದೆ ಎಂದು ನೀರಿನ ಡ್ರಮ್ಮು ಯಾವತ್ತೂ ಹೇಳಿರಲಿಲ್ಲ. ಅವಳು ಕಟಾಂಜನ ಹಿಡಿದು ನಿಂತೇ ಇದ್ದಳು. ಮೇಷ್ಟ್ರು ಕಾದರು. ಮೇಷ್ಟ್ರ ಹೆಂಡತಿ ಕಾದರು. ಗಂಡ ಒಮ್ಮೆ ಕೆಮ್ಮಿದ.

“ಕ್ಷಮಿಸಿ,” ಎಂದಳು. ಕಣ್ಣಲ್ಲಿ ನೀರು ಬಂದಿತ್ತು. “ನಾನೂ ಇದನ್ನ ಇವತ್ತೇ ನೋಡ್ತಿರೋದು.”

“ಇವತ್ತೇ?” ಎಂದರು ಮೇಷ್ಟ್ರು. “ಇಷ್ಟು ಹೊತ್ತು ಹೇಳಿದ್ದೆಲ್ಲ?”

“ಕೇಳಿ ಗೊತ್ತು ಸಾರ್. ಇವ್ರು ದಿನಾ ಅಡುಗೆಮನೇಲಿ ತೋರಿಸ್ತಿದ್ರು.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ದುಡ್ಡು ಕೊಟ್ಟು ಬಂದವರ ಮುಂದೆ ಆಡುವ ಮಾತೇ ಇದು! ಮೇಷ್ಟ್ರ ಹೆಂಡತಿ ಮಾತ್ರ ಬಾಯ್ತುಂಬ ನಕ್ಕು, “ಅಯ್ಯೋ, ಹಾಗಾದ್ರೆ ಸುಮ್ನೆ ನೋಡಿ ತಾಯಿ. ಮೆಟ್ಲೇನು ಎದ್ದು ಹೋಗುತ್ತಾ? ನಾವೂ ನೋಡ್ತೀವಿ,” ಎಂದರು. ಮೂವರೂ ಕಟಾಂಜನಕ್ಕೆ ಒರಗಿ ನೋಡಿದರು.

ಗಂಡ ಕೊಳವನ್ನು ನೋಡುತ್ತಿರಲಿಲ್ಲ, ಹೆಂಡತಿಯನ್ನು ನೋಡುತ್ತಿದ್ದ. ಇದೇ ಕಟಾಂಜನದ ಬಳಿ ಎಷ್ಟು ಸಾವಿರ ಜನರ ಮುಖ ಹೀಗೆ ಅರಳಿದ್ದನ್ನು ಅವನು ಕಂಡಿದ್ದನೋ. ಈ ಒಂದು ಮುಖ ಅವನಿಗೆ ಬಿಟ್ಟುಹೋಗಿತ್ತು. ಅವನು ಹತ್ತಿರ ಬಂದು ಅವಳ ತೋರುಬೆರಳು ಹಿಡಿದು, ಅಂಚಿನ ಕಲ್ಲಿನಲ್ಲಿ ನೀರು ಸೇದಿದ ಹಗ್ಗಗಳು ಕೊರೆದಿದ್ದ ಗೀರಿನೊಳಗೆ ಇಟ್ಟ. ಅಡುಗೆಮನೆಯ ಟೂರಿನಲ್ಲಿ ಈ ಜಾಗ ಬಂದಾಗ ಈಳಿಗೆಮಣೆಯ ಗಾಯಗಳನ್ನು ಮುಟ್ಟಿಸುತ್ತಿದ್ದ. ಗೀರು ಅವಳ ಬೆರಳಿಗಿಂತ ಆಳವಾಗಿತ್ತು, ಒಳಗೆ ತಣ್ಣಗಿತ್ತು. ಅವನು ಬೆರಳು ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.

ಕೊನೆಯ ಜಾಗ ಗುಂಡು ಸಭಾಭವನ. ಕಂಬವಿಲ್ಲದ ದುಂಡನೆಯ ಕಲ್ಲುಮನೆ, ಮೇಲೆ ಗುಮ್ಮಟ. ಒಂದು ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರುಗಡೆಯ ಗೋಡೆಗೆ ಕಿವಿಯಿಟ್ಟವರಿಗೆ ಮಾತ್ರ ಕೇಳುತ್ತದೆ. ಇದೊಂದು ಭಾಗ ಅವಳಿಗೆ ಪಾಠವಾಗಿರಲಿಲ್ಲ. ಚೌಕದ ಅಡುಗೆಮನೆಯಲ್ಲಿ ಅದನ್ನು ಮಾಡಿ ತೋರಿಸುವಂತಿರಲಿಲ್ಲವಾಗಿ, “ಇಲ್ಲಿ ಗೋಡೆಗೊಂದು ಮಾತು ಹೇಳ್ತೀನಿ, ಅಲ್ಲಿಗೆ ಮುಗೀತು, ಅನ್ನ ಹಾಕು,” ಎಂದುಬಿಡುತ್ತಿದ್ದ. ಏನು ಮಾತು ಎಂದು ಕೇಳಿದರೆ ನಗುತ್ತಿದ್ದ.

“ಹೋದ ಸಲ ನನ್ನ ಕಿವಿಗೆ ಹೇಳಿದ್ರು ನಿಮ್ಮವರು,” ಎಂದರು ಮೇಷ್ಟ್ರು.

“ಏನು ಹೇಳಿದ್ರು ಸಾರ್?” ಮೂವತ್ತೊಂದು ವರ್ಷದ ಕುತೂಹಲ ಅವಳದು.

“‘ಕಾಲು ನೋಯ್ತಿದೆಯಾ ಸಾರ್? ಹೊರಗೆ ನೆರಳಲ್ಲಿ ಬೆಂಚಿದೆ’ ಅಂದ್ರು. ಅಷ್ಟು ಹೊತ್ತು ನಾನು ಕುಂಟ್ತಿದ್ದಿದ್ದನ್ನ ಯಾರಿಗೂ ತಿಳೀದ ಹಾಗೆ ನೋಡ್ಕೊಂಡಿದ್ರು. ಅದಕ್ಕೇ ಇವ್ರೇ ಬೇಕು ಅಂತ ಬರ್ದಿದ್ದು.”

ಗಂಡ ತಲೆ ತಗ್ಗಿಸಿ ಕೊಡೆಯ ಗುಂಡಿ ಹಾಕಿದ, ತೆಗೆದ, ಹಾಕಿದ. ಮೇಷ್ಟ್ರ ಹೆಂಡತಿ ತಾವಾಗಿಯೇ ಗೋಡೆಯ ಬಳಿ ಹೋಗಿ ಗಂಡನನ್ನು ಎದುರಿಗೆ ನಿಲ್ಲಿಸಿ ಅದೇನೋ ಹೇಳಿದರು. ಮೇಷ್ಟ್ರ ಕಿವಿ ಕೆಂಪಾಯಿತು. “ಈ ವಯಸ್ಸಲ್ಲಿ!” ಎಂದು ಗದರಿ, ನಗುತ್ತ, ಹೆಂಡತಿಯ ಕೈ ಹಿಡಿದು ಬೆಂಚಿನ ಕಡೆ ಹೊರಟರು.

ಭವನದಲ್ಲಿ ಇವರಿಬ್ಬರೇ ಉಳಿದರು. ಟೂರ್ ಮುಗಿದಿತ್ತು. ಹೆಂಡತಿ ತಿರುಗಿ ನೋಡಿದರೆ ಗಂಡ ಆಗಲೇ ಲಕೋಟೆಯನ್ನು ಕಂಕುಳಲ್ಲಿ ಇರುಕಿಕೊಂಡು ಎದೆಯ ಮೇಲಿನ ಬಿಲ್ಲೆಯ ಪಿನ್ನು ಬಿಚ್ಚುತ್ತಿದ್ದ. ಬಿಗಿಯಾದ ಪಿನ್ನು ಅದು. ದಿನಾ ಬೆಳಿಗ್ಗೆ ಅದು ‘ಚಿಟಕ್’ ಎಂದು ಕೂತರೆ, ಗಂಡ ಕೆಲಸಕ್ಕೆ ಹೊರಟ ಎಂದು ಹೊಲಿಗೆ ಯಂತ್ರದ ಮುಂದಿದ್ದ ಅವಳಿಗೆ ತಿಳಿಯುತ್ತಿತ್ತು. ಈಗ ಬಿಲ್ಲೆ ಕೈಗೆ ಬಂತು. ಅಂಗಿಯ ಮೇಲೆ ಎರಡು ಪುಟ್ಟ ತೂತು ಉಳಿದವು.

“ತಡೀರಿ,” ಎಂದಳು. “ನನಗಿನ್ನೂ ಟೂರ್ ಮುಗಿದಿಲ್ಲ. ಹೋಗಿ ಅಲ್ಲಿ ನಿಂತ್ಕೊಳ್ಳಿ.”

ಅವನು ಬಿಲ್ಲೆ ಹಿಡಿದುಕೊಂಡೇ ಆಚೆ ಗೋಡೆಗೆ ಹೋಗಿ ಕಿವಿಯಿಟ್ಟ. ಅವಳು ಈಚೆ ಗೋಡೆಗೆ ಮುಖ ತಂದಳು. ಬಾಯಿಪಾಠದ ಮಾತು ಇಲ್ಲಿಗೆ ಒಂದೂ ಇರಲಿಲ್ಲ. ಮದುವೆಯ ಹೊಸದರಲ್ಲಿ ಅವನ ಮುಂದೆ ಮೊದಲ ಸಲ ಬಾಯಿಬಿಟ್ಟ ಹಾಗಿತ್ತು ಅವಳಿಗೆ.

“ಗುರುವಾರ ಇನ್ನೊಂದು ಟೂರ್ ಇದೆಯಂತೆ, ಮ್ಯಾನೇಜರ್ ಹೇಳ್ತಿದ್ದ,” ಎಂದು ಕಲ್ಲಿಗೆ ಪಿಸುಗುಟ್ಟಿದಳು. “ಎಡಬಲ ಇನ್ನು ತಪ್ಪಲ್ಲ ಕಣ್ರೀ. ನಾನೂ ಬರ್ತೀನಿ. ಹೋಗೋಣ್ವಾ?”

ಗೋಡೆಯಿಂದ ಬಾಯಿ ಸರಿಸಿ ಕಿವಿಯಿಟ್ಟಳು. ಗೋಡೆ ಸುಮ್ಮನಿತ್ತು. ಆಮೇಲೆ, ಅವಳ ಕಿವಿಯ ಹತ್ತಿರವೇ ಬಂದು ತಟ್ಟಿದಷ್ಟು ಸ್ಪಷ್ಟವಾಗಿ, ಟಕ್ ಎಂದಿತು ಚಮಚ.

ಅವಳು ಕದಲಲಿಲ್ಲ. ಬೆಳಿಗ್ಗೆ ಹೊಸಿಲಲ್ಲಿ ಮೋಸಹೋಗಿದ್ದಳು. ಎರಡನೆಯದಕ್ಕೆ ಕಾದಳು. ಹೊರಗೆ ಬೆಂಚಿನ ಮೇಲೆ ಮೇಷ್ಟ್ರ ಹೆಂಡತಿ ನಕ್ಕಿದ್ದು ಕೇಳಿಸಿತು. ಒಬ್ಬರು ಎದ್ದುಹೋಗಿ ಬಾಗಿಲು ಹಾಕಿಕೊಂಡು ಬರುವಷ್ಟು ಹೊತ್ತಾಯಿತು. ಎರಡು ಸಲ ಹೋಗಿಬರುವಷ್ಟು ಹೊತ್ತಾಯಿತು. ಕೆನ್ನೆಗೆ ಕಲ್ಲು ತಣ್ಣಗೆ ಒತ್ತುತ್ತಿತ್ತು.

ಆಗ ಗೋಡೆಯೊಳಗಿಂದ ಇನ್ನೊಂದು ಸದ್ದು ಬಂತು. ಚಮಚದ್ದಲ್ಲ. ಪಿನ್ನು ಕೂತ ಸಣ್ಣ ಸದ್ದು, ಚಿಟಕ್.