ಎರಡನೆಯ ವರದಿ

ಸಂಘಮಿತ್ರಾ ಎರಡನೇ ಸಲ ಬಾಗಿಲಿಗೆ ಬಂದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಬ್ರಹ್ಮಪುರದ ನಮ್ಮ ಆಶ್ರಯಮನೆಯಲ್ಲಿ ಆಗಲೇ ಹನ್ನೊಂದು ಹುಡುಗಿಯರಿದ್ದರು, ಎಲ್ಲರೂ ಹೊಡೆತ ತಾಳಲಾರದೆ ಮನೆ ಬಿಟ್ಟವರು. ಹನ್ನೆರಡು ವರ್ಷದಿಂದ ಇಂಥ ಹುಡುಗಿಯರನ್ನು ನೋಡಿಕೊಳ್ಳುತ್ತಿರುವವಳು ನಾನು. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ, ನನಗೆ ಸಾಕಾಗಿಹೋಗಿದೆ.

"ಮತ್ತ ಯಾಕ ಬಂದಿ?" ಎಂದುಬಿಟ್ಟೆ.

"ಇನ್ನೆಲ್ಲಿಗಿ ಹೋಗ್ಲಿ ರೀ, ಅಕ್ಕಾರ?"

ಹದಿನೈದು ವರ್ಷದ ಹುಡುಗಿ. ಎಡಗೈ ಮೊಣಕೈತನಕ ಸುಟ್ಟಿತ್ತು. ಕಾದ ಹಂಚಿಗೆ ಅಪ್ಪನೇ ಒತ್ತಿ ಹಿಡಿದನಂತೆ. ಅಡುಗೆಯ ಸಕೀನಾ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಮುಲಾಮು ಹಚ್ಚಿದಳು. ನಾನು ಅಕ್ಕಿಯ ಮುಂದೆಯೇ ಕೂತಿದ್ದೆ. ಏಳುವ ಧೈರ್ಯವಾಗಲಿಲ್ಲ.

ಯಾಕೆಂದರೆ ಅವಳನ್ನು ಆ ಮನೆಗೆ ಕಳಿಸಿದವಳು ನಾನೇ.

ನಾಲ್ಕು ತಿಂಗಳ ಹಿಂದೆ ಅವಳ ಅಪ್ಪ ತುಕಾರಾಮ, ಇನ್ನು ಕೈ ಎತ್ತುವುದಿಲ್ಲವೆಂದು ಮಕ್ಕಳ ಕಲ್ಯಾಣ ಸಮಿತಿಯವರಿಗೆ ಮುಚ್ಚಳಿಕೆ ಬರೆದುಕೊಟ್ಟಿದ್ದ. ಒಂದು ವಾರದ ಮಟ್ಟಿಗೆ ಹುಡುಗಿಯನ್ನು ಕಳಿಸಿ ನೋಡೋಣ ಎಂದಾಯಿತು. ಏಳನೇ ದಿನ ಮನೆ ನೋಡಿ ವರದಿ ಬರೆಯಲು ನಾನು ಅವರ ಊರು ಕಮಲಾಪುರಕ್ಕೆ ಹೋದೆ. ಅಂಗಳ ಗುಡಿಸಿತ್ತು, ಕುರ್ಚಿ ಹಾಕಿದ್ದರು. ನಮ್ಮ ಕಡೆ ಮನೆಗೆ ಬಂದವರು ಚಹಾ ಕುಡಿಯದೆ ಎದ್ದರೆ ಮನೆಯವರ ಮುಖಕ್ಕೆ ಹೊಡೆದಂತೆ. ಚಹಾ ತಂದವಳು ಸಂಘಮಿತ್ರಾಳೇ. ಮಗುವನ್ನು ಒಬ್ಬಳನ್ನೇ ಕೂರಿಸಿ ಕೇಳಬೇಕು ಎಂಬುದು ನಿಯಮ. ಆದರೆ ಅಷ್ಟು ಮರ್ಯಾದೆ ಮಾಡುತ್ತಿರುವ ಮನುಷ್ಯನಿಗೆ "ನೀವು ಹೊರಗ ಹೋಗ್ರಿ" ಎನ್ನುವುದು ಹೇಗೆ? ಬಸ್ಸಿಗೂ ಹೊತ್ತಾಗಿತ್ತು. ಅಪ್ಪನ ಎದುರಿಗೇ, "ಛಲೋ ಅದಿ ಏನವ್ವಾ?" ಎಂದೆ. "ಹೂಂ ರೀ" ಎಂದಳು. ಮಗು ಸಂತೋಷವಾಗಿದೆ ಎಂದು ಬರೆದು ಸಹಿ ಹಾಕಿದೆ. ಆ ವರದಿ ನಂಬಿ ಸಮಿತಿಯವರು ಅವಳನ್ನು ಅಪ್ಪನ ಮನೆಯಲ್ಲೇ ಬಿಟ್ಟರು.

ಸುಟ್ಟ ಕೈಯಲ್ಲಿ ಅವಳು ನಮ್ಮ ಬಾಗಿಲಿಗೆ ಬಂದ ಮರುದಿನ, ಸಮಿತಿಯ ಎದುರು ತುಕಾರಾಮ ಬಿಳಿ ಅಂಗಿ ತೊಟ್ಟು ಕೈಮುಗಿದು ನಿಂತಿದ್ದ. ಮಗಳನ್ನು ಕರೆದೊಯ್ಯಲು ಬಂದಿದ್ದ. ಕೈಯಲ್ಲಿ ನನ್ನ ವರದಿಯ ಜೆರಾಕ್ಸು.

"ಕುದಿ ಎಣ್ಣಿ ಸಿಡಿದು ಸುಟ್ಟದ ರೀ, ಸಾಹೇಬ್ರ. ನಮ್ಮ ಮನಿ ಹ್ಯಾಂಗದ ಅಂತ ಈ ಅಕ್ಕಾರೇ ಬರದಾರ, ನೋಡ್ರಿ."

ನಮ್ಮ ಸಂಸ್ಥೆಯ ಕಾರ್ಯದರ್ಶಿ ಹಣಮಂತರಾಯರು ಬರುವಾಗ ಆಟೋದಲ್ಲೇ ನನಗೆ ಹೇಳಿದ್ದರು: "ಸಾವಿತ್ರಿಬಾಯಿ, ಹಳೇ ವರದಿ ಕೆದಕಬ್ಯಾಡ್ರಿ. ನಿಮ್ಮ ನೌಕರಿಗಿ ಕುತ್ತು ಬರ್ತದ."

ಸಮಿತಿಯ ಅಧ್ಯಕ್ಷರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. "ಇದು ನೀವೇ ಬರೆದದ್ದಾ?"

ಸಂಘಮಿತ್ರಾ ನೆಲ ನೋಡುತ್ತಿದ್ದಳು. ನನ್ನಿಂದ ಅವಳು ಏನನ್ನೂ ನಿರೀಕ್ಷಿಸಿರಲಿಲ್ಲ. ಅದೇ ನನ್ನನ್ನು ಚುಚ್ಚಿತು.

"ನಾನೇ ಬರದೀನಿ ರೀ. ಆದರ ಅದು ಖರೇ ಅಲ್ಲ. ಹುಡುಗೀನ್ನ ಒಬ್ಬಾಕಿನ್ನ ಕೂಡಿಸಿ ಕೇಳೇ ಇಲ್ಲ. ಅಪ್ಪನ ಮುಂದ ಚಹಾ ಕುಡ್ಕೋತ ಕೇಳೀನಿ. ತಪ್ಪು ನಂದು."

ಅಲ್ಲೇ ಕೂತು ಎರಡನೆಯ ವರದಿ ಬರೆದುಕೊಟ್ಟೆ. ಸಮಿತಿಯವರು ಹುಡುಗಿಯನ್ನು ಒಳಕೋಣೆಗೆ ಕರೆದೊಯ್ದು ಒಬ್ಬಳನ್ನೇ ಮಾತಾಡಿಸಿದರು. ಹೊರಗೆ ಬಂದವರು, ಹದಿನೆಂಟು ತುಂಬುವವರೆಗೆ ಅವಳು ಆಶ್ರಯಮನೆಯಲ್ಲೇ ಇರಲಿ, ಅಪ್ಪನ ಮೇಲೆ ಪೊಲೀಸರಿಗೆ ದೂರು ಹೋಗಲಿ ಎಂದರು. ಹಣಮಂತರಾಯರು ನನ್ನ ಮುಖ ನೋಡದೆಯೇ, ನಿಮ್ಮ ಮೇಲಿನ ವಿಚಾರಣೆ ಮುಗಿಯುವತನಕ ಕೆಲಸಕ್ಕೆ ಬರದೆ ಮನೆಯಲ್ಲಿರಿ ಎಂದರು. ಬೇಸರವಾಗಲಿಲ್ಲ ಎಂದರೆ ಸುಳ್ಳು.

ಹೊರಗೆ ಸಕೀನಾ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಸಂಘಮಿತ್ರಾ ನನ್ನ ಹತ್ತಿರ ಬಂದಳು. ಅಳುತ್ತಾಳೆ, ಕೈ ಹಿಡಿಯುತ್ತಾಳೆ ಅಂದುಕೊಂಡೆ.

"ಅವತ್ತ ನಾ ಸುಳ್ಳು ಹೇಳಾಕತ್ತೀನಿ ಅಂತ ನಿಮಗ ಗೊತ್ತಾಗಿತ್ತೇನ್ರಿ, ಅಕ್ಕಾರ?"

ಇಲ್ಲ ಎನ್ನಬಹುದಿತ್ತು.

"ಗೊತ್ತಾಗಿತ್ತವ್ವಾ," ಎಂದೆ.

ಅವಳು ಆಟೋದ ಕಡೆ ತಿರುಗಿದಳು. "ನಾ ಸಕೀನಾ ಆಪಾನ ಜೋಡಿ ಹೋಗ್ತೀನಿ ರೀ," ಎಂದು ಆಟೋ ಹತ್ತಿದಳು. ಹಿಂತಿರುಗಿ ನೋಡಲಿಲ್ಲ. ನೋಡದಿದ್ದರೆ ಬೇಡ. ಕಮಲಾಪುರಕ್ಕಂತೂ ಹೋಗಲಿಲ್ಲ.